ಏಟು ತಪ್ಪಿಸುವ ಗುರುದೇವಿ

ಮೂಡಲಪಾಳ್ಯದ ಸೀತಾ ಅವರ ಬ್ಯೂಟಿ ಪಾರ್ಲರ್‌ನಲ್ಲಿ ಮದುಮಗಳ ಮೇಕಪ್ ಮಾಡುವ ಗುರುದೇವಿ ಒಂದು ಕಾಲಕ್ಕೆ ಬಾಕ್ಸಿಂಗ್‌ನಲ್ಲಿ ರಾಜ್ಯ ಚಾಂಪಿಯನ್ ಆಗಿದ್ದವಳು ಎಂದರೆ ಹೊಸ ಗಿರಾಕಿಗಳು ನಂಬುವುದಿಲ್ಲ. ಅವಳ ಮೂಗು ನೆಟ್ಟಗಿದೆ, ಹುಬ್ಬಿನ ಮೇಲೆ ಒಂದು ಹೊಲಿಗೆಯ ಗುರುತೂ ಇಲ್ಲ. "ಹಾಗಾದ್ರೆ ಯಾರೂ ನಿಮ್ಗೆ ಹೊಡೀಲೇ ಇಲ್ವಾ?" ಎಂದು ಕೇಳುತ್ತಾರೆ. "ಹೊಡದಾರ್ರೀ, ಭಾಳ ಮಂದಿ ಹೊಡದಾರ" ಎಂದು ಅವಳು ನಗುತ್ತಾಳೆ.

ಅಥಣಿ ಕಡೆಯ ಹಳ್ಳಿಯಿಂದ ಅವಳು ಬೆಂಗಳೂರಿಗೆ ಬಂದದ್ದು ಪಿಯುಸಿ ಮುಗಿದ ಮೇಲೆ. ಇಲ್ಲಿನ ಪಿಜಿಯೊಂದರಲ್ಲಿ ಅಡುಗೆ ಮಾಡುತ್ತಿದ್ದ ಸೋದರತ್ತೆ ಬಸವ್ವನ ಜೊತೆ ಉಳಿದುಕೊಂಡಳು. ಪಾರ್ಲರ್‌ನಲ್ಲಿ ಕಸ ಗುಡಿಸಲು ಸೇರಿದವಳ ಕೈ ಹಗುರವಾಗಿದೆ ಎಂದು ಕಂಡುಕೊಂಡ ಸೀತಾ, ವರ್ಷ ತುಂಬುವುದರೊಳಗೆ ಅವಳಿಗೆ ಎಲ್ಲ ಕೆಲಸ ಕಲಿಸಿದರು.

ಒಂದು ದಿನ ಉಲ್ಲಾಳದ ಕವನಾ ಎಂಬ ಹುಡುಗಿ ಕೂದಲು ಕತ್ತರಿಸಿಕೊಳ್ಳಲು ಬಂದಳು. ಅವರದು ಹಳೆಯ ಒಕ್ಕಲು ಮನೆತನ. ಅವಳ ಚಿಕ್ಕಪ್ಪ ಭೈರೇಶ್ ತಮ್ಮ ದನದ ಕೊಟ್ಟಿಗೆಯಿದ್ದ ಜಾಗಕ್ಕೆ ಶೀಟು ಹೊದಿಸಿ ಅಲ್ಲಿ ಬಾಕ್ಸಿಂಗ್ ಕಲಿಸುತ್ತಿದ್ದರು. "ಹೆಡ್‌ಗಾರ್ಡ್ ಹಾಕ್ಕೊಂಡಾಗ ಅಡ್ಡ ಬರುತ್ತೆ ಆಂಟಿ, ಪೂರ್ತಿ ಗಿಡ್ಡ ಮಾಡಿ" ಎಂದು ಕವನಾ ಸೀತಾರಿಗೆ ಹೇಳಿದಳು. ಆಮೇಲೆ ಕನ್ನಡಿಯಲ್ಲೇ ಗುರುದೇವಿಯನ್ನು ಅಳೆದು ನೋಡಿ, "ನನ್ನ ತೂಕದ ಹುಡ್ಗೀರು ಯಾರೂ ಸಿಗ್ತಿಲ್ಲ ರೀ. ಹುಡುಗ್ರು ಸರಿಯಾಗಿ ಕೈ ಎತ್ತಲ್ಲ. ನೀವು ಬರ್ತೀರಾ? ಸುಮ್ನೆ ಎದುರಿಗೆ ನಿಂತ್ಕೊಂಡ್ರೆ ಸಾಕು" ಎಂದಳು.

ಮಂಗಳವಾರ ಪಾರ್ಲರ್‌ಗೆ ರಜೆ. ಕುತೂಹಲಕ್ಕೆ ಹೋದವಳು ಮುಂದಿನ ವಾರವೂ ಹೋದಳು. ಆ ಸಲ ಕವನಾಳ ಬಲಗೈ ನೇರವಾಗಿ ಬಂತು. ಗುರುದೇವಿಯ ಒಂದು ಕಣ್ಣು ಊದಿಕೊಂಡಿತು.

ಮರುದಿನ ಬೆಳಿಗ್ಗೆ ಆರ್‌ಪಿಸಿ ಲೇಔಟ್‌ನ ಕಲ್ಯಾಣ ಮಂಟಪದಲ್ಲಿ ಮದುವೆಯ ಕೆಲಸ. ಮದುಮಗಳ ತಾಯಿ ಆ ಕಣ್ಣನ್ನು ನೋಡಿ "ಪಾಪ, ಗಂಡ ಹೊಡೀತಾನಾ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. ಆಮೇಲೆ ಸೀತಾರನ್ನು ಪಕ್ಕಕ್ಕೆ ಕರೆದು, ನನ್ನ ಮಗಳನ್ನು ಬೇರೆ ಯಾರಾದರೂ ಮುಟ್ಟಲಿ ಎಂದರು. ಸೀತಾ ತಾವೇ ಕೂತು ಮೇಕಪ್ ಮುಗಿಸಿದರು. ಗುರುದೇವಿ ಪಿನ್ನಿನ ಡಬ್ಬಿ ಹಿಡಿದುಕೊಂಡು ಹಿಂದೆ ನಿಂತಿದ್ದಳು.

ವಾಪಸ್ ಬರುವಾಗ ಆಟೋದಲ್ಲಿ ಸೀತಾ ಅವಳ ಗಲ್ಲ ಹಿಡಿದು ಊದಿದ ಕಣ್ಣನ್ನು ನೋಡಿದರು. "ನಿಂಗೆ ಆ ಬಾಕ್ಸಿಂಗ್ ಅಷ್ಟು ಇಷ್ಟಾನಾ?" ಎಂದರು.

"ಹೌದ್ರಿ ಆಂಟಿ. ಅಲ್ಲಿ ನಿಂತಾಗ ಬ್ಯಾರೆ ಏನೂ ನೆನಪಾಗೂದಿಲ್ರಿ."

"ಸರಿ, ಹೋಗು. ಆದ್ರೆ ಮುಖಕ್ಕೆ ಏಟು ತಿನ್ಕೊಂಡು ನನ್ನ ಪಾರ್ಲರ್‌ಗೆ ಬರೋ ಹಾಗಿಲ್ಲ."

ಬೈಯುತ್ತಾರೆ, ಬಿಡಿಸುತ್ತಾರೆ ಎಂದುಕೊಂಡಿದ್ದ ಹುಡುಗಿಗೆ ಇದೇ ಆಶ್ಚರ್ಯವಾಗಿತ್ತು.

ಅದಕ್ಕಿಂತ ದೊಡ್ಡ ಆಶ್ಚರ್ಯ ಮರುದಿನ ಮಧ್ಯಾಹ್ನ ಕಾದಿತ್ತು. ಗಿರಾಕಿಗಳಿಲ್ಲದ ಹೊತ್ತು. ಸೀತಾ ಸೆರಗು ಸಿಕ್ಕಿಸಿ, ಪೌಡರ್ ಪಫ್ ಕೈಗೆತ್ತಿಕೊಂಡು ಎದುರು ನಿಂತರು. ಹೈಸ್ಕೂಲಿನಲ್ಲಿ ಅವರು ಖೋ ಖೋ ಆಡಿದವರು. ಅಟ್ಟಿಸಿಕೊಂಡು ಬಂದವರ ಕೈಗೆ ಸುಲಭಕ್ಕೆ ಸಿಕ್ಕವರಲ್ಲ. "ದೂರ ಓಡ್ಬೇಡ, ಸುಸ್ತಾಗ್ತೀಯ" ಎಂದರು. "ಕೈಗಿಂತ ಮುಂಚೆ ಹೆಗಲು ಬರುತ್ತೆ. ಹೆಗಲಿಗಿಂತ ಮುಂಚೆ ಪಾದ. ಅದನ್ನ ನೋಡು. ಒಂದು ಗೇಣು ಜರುಗಿದ್ರೆ ಸಾಕು."

ಪಫ್ ಬಂದಾಗಲೆಲ್ಲ ಗುರುದೇವಿ ಕಣ್ಣು ಮುಚ್ಚುತ್ತಿದ್ದಳು. ಕೆನ್ನೆಯ ಮೇಲೆ ಬಿಳೀ ಗುರುತು ಬೀಳುತ್ತಿತ್ತು. "ಕಣ್ಣು ಮುಚ್ಕೊಂಡ್ರೆ ಏನೇ ಕಾಣುತ್ತೆ ನಿಂಗೆ?" ಎಂದು ಗದರಿ ಸೀತಾ ಮತ್ತೆ ಕೈ ಬೀಸುತ್ತಿದ್ದರು. ಎಷ್ಟೋ ತಿಂಗಳು ಇದು ನಡೆಯಿತು. ಬಾಗಿಲು ತೆರೆದು ಒಳಬಂದವರು ಇಬ್ಬರ ಮುಖಕ್ಕೂ ಮೆತ್ತಿದ ಪೌಡರ್ ನೋಡಿ ನಗುತ್ತಿದ್ದರು. ಅಲ್ಲಿಗೆ ಹುಬ್ಬು ಮಾಡಿಸಲು ಹೋಗುತ್ತಿದ್ದ ನಾನೂ ಒಮ್ಮೆ ಹಾಗೆ ನಕ್ಕವಳೇ. ಬರಬರುತ್ತಾ ಗುರುತುಗಳು ಕಡಿಮೆಯಾದವು. ಏಟು ಬರುವಾಗ ಕಣ್ಣು ತೆರೆದಿರುವುದು ಅವಳಿಗೆ ರೂಢಿಯಾಯಿತು.

ಉಲ್ಲಾಳದಲ್ಲಿ ಕವನಾ ಮಾತ್ರ ಕನಿಕರ ತೋರಿಸಲಿಲ್ಲ. ಸಂದು ಸಿಕ್ಕರೆ ಪಕ್ಕೆಗೆ, ಹೊಟ್ಟೆಗೆ ಹೊಡೆದೇ ತೀರುತ್ತಿದ್ದಳು. "ಅಕಿ ಮೆಲ್ಲಗ ಹೊಡದಿದ್ರ ನಾ ಮೊದಲನೇ ಮ್ಯಾಚಿನಾಗ ಬಿದ್ದಿರ್ತಿದ್ದೆ" ಎಂದು ಗುರುದೇವಿ ಈಗಲೂ ಹೇಳುತ್ತಾಳೆ.

ಆದರೂ ಮೊದಮೊದಲು ಅವಳು ಬರೀ ಸೋತಳು. ಎದುರಾಳಿಯ ಕೈಗೆ ಸಿಗುತ್ತಿರಲಿಲ್ಲ, ತಾನೂ ಹೊಡೆಯುತ್ತಿರಲಿಲ್ಲ. ತೀರ್ಪುಗಾರರು ಹೊಡೆಯಲು ಬಂದವಳನ್ನೇ ಗೆಲ್ಲಿಸುತ್ತಿದ್ದರು. ಒಂದು ಸಂಜೆ ಭೈರೇಶ್ ಅವಳನ್ನು ಕೂರಿಸಿಕೊಂಡು, "ತಪ್ಪಿಸ್ಕೊಳ್ಳೋದು ಅರ್ಧ ಕೆಲಸ ಕಣಮ್ಮ. ಅವಳ ಕೈ ಗಾಳೀಲಿ ಹೋಯ್ತಲ್ಲ, ಆಗ ಅವಳ ಮನೆ ಬಾಗಿಲು ತೆಗೆದಿರುತ್ತೆ. ನೀನು ಅಲ್ಲೇ ಇರ್ಬೇಕು. ನೀನು ನೋಡಿದ್ರೆ ಪಕ್ಕದ ಬೀದಿಗೆ ಓಡಿರ್ತೀಯ" ಎಂದರು.

ಹತ್ತಿರ ನಿಲ್ಲಲು ಬೇಕಾದ ಧೈರ್ಯ ಒಂದೇ ದಿನಕ್ಕೆ ಬರಲಿಲ್ಲ. ಬಂದ ಮೇಲೆ ಮಾತ್ರ ಅವಳ ಆಟ ನೋಡುವಂತಿತ್ತು. ಏಟು ಕಿವಿಯ ಪಕ್ಕ ಹಾದುಹೋಗುತ್ತಿತ್ತು, ಅದೇ ಗಳಿಗೆಯಲ್ಲಿ ಇವಳ ಎಡಗೈ ಎದುರಾಳಿಯ ಎದೆಯ ಮೇಲಿರುತ್ತಿತ್ತು.

ರಾಜ್ಯ ಪಂದ್ಯಾವಳಿಯ ಫೈನಲ್‌ನಲ್ಲಿ ಅವಳ ಎದುರು ನಿಂತವಳು ಕವನಾಳೇ. ಇಬ್ಬರೂ ತಮ್ಮ ಮಕ್ಕಳಂತೆ ಎಂದು ಭೈರೇಶ್ ರಿಂಗಿನ ಪಕ್ಕ ಯಾರ ಮೂಲೆಯಲ್ಲೂ ನಿಲ್ಲದೆ ಪ್ರೇಕ್ಷಕರ ನಡುವೆ ಹೋಗಿ ಕೂತರು. ಸೀತಾ, ಬಸವ್ವ ಮೊದಲ ಸಲ ಪಂದ್ಯಕ್ಕೆ ಬಂದಿದ್ದರು. ಮೊದಲ ಸುತ್ತು ಕವನಾಳದು. ಎರಡನೆಯದರಲ್ಲಿ ಅವಳು ಬೀಸಿದ್ದೆಲ್ಲ ಗಾಳಿಗೆ ಹೋಗತೊಡಗಿತು. ಹೊಡೆದು ತಗುಲಿದ್ದಕ್ಕಿಂತ ತಗುಲದೆ ಹೋದದ್ದು ಕೈಗೆ ಹೆಚ್ಚು ಆಯಾಸ. ಮೂರನೆಯ ಸುತ್ತಿನ ಹೊತ್ತಿಗೆ ಅವಳ ತೋಳುಗಳು ಭಾರವಾಗಿದ್ದವು. ಐವರು ತೀರ್ಪುಗಾರರಲ್ಲಿ ಮೂವರು ಗುರುದೇವಿಯನ್ನು ಗೆಲ್ಲಿಸಿದರು.

"ಮಾರಿ ನೋಡ್ರೀ ನಮ್ಮ ಹುಡುಗೀದು, ಹೂವಿನಂಗ ಐತಿ" ಎಂದು ಬಸವ್ವ ಸುತ್ತಲಿನವರಿಗೆಲ್ಲ ತೋರಿಸಿದಳು. ಸೀತಾ ಪಂದ್ಯದುದ್ದಕ್ಕೂ ಸೆರಗಿನಿಂದ ಕಣ್ಣು ಮುಚ್ಚಿಕೊಂಡೇ ಇದ್ದರಂತೆ. ಕವನಾ ಕೈಯ ಪಟ್ಟಿ ಬಿಚ್ಚಿ, ನೇರ ಮನೆಗೆ ಹೋದಳು.

ಮುಂದಿನ ಕೆಲವು ವಾರ ಅವಳು ಕೊಟ್ಟಿಗೆಯ ಕಡೆ ಸುಳಿಯಲಿಲ್ಲ. "ಬರ್ತಾಳೆ ಬಿಡು" ಎಂದರು ಭೈರೇಶ್. ಗುರುದೇವಿಗೆ ಗೆದ್ದ ಪದಕವನ್ನು ನೋಡಲೂ ಮನಸ್ಸಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕವನಾ ಪಾರ್ಲರ್‌ಗೆ ಬಂದು, ಹುಬ್ಬು ಮಾಡಿಸಬೇಕು ಎಂದು ಕುರ್ಚಿಗೊರಗಿ ಕಣ್ಣು ಮುಚ್ಚಿದಳು. ಗುರುದೇವಿ ದಾರ ಹಿಡಿದಳು. ಒಂದು ಹುಬ್ಬು ಮುಗಿಯುವ ಹೊತ್ತಿಗೆ ಕವನಾ ಕಣ್ಣು ತೆರೆಯದೆಯೇ ಹೇಳಿದಳು: "ಸುಸ್ತಾದಾಗ ನಿನ್ನ ಬಲಗೈ ಗಲ್ಲದಿಂದ ಕೆಳಗಿಳಿಯುತ್ತೆ ಕಣೇ. ಕೊನೇ ರೌಂಡಲ್ಲಿ ನೋಡ್ದೆ. ಹೊಡಿಯೋಕೆ ನಂಗೆ ತ್ರಾಣ ಇರ್ಲಿಲ್ಲ. ನ್ಯಾಷನಲ್ಸ್‌ಗೆ ಬರೋರಿಗೆ ಇರುತ್ತೆ. ನಾಳೆಯಿಂದ ಬರ್ತೀನಿ, ಅಲ್ಲಿಗೇ ಹೊಡೀತೀನಿ."

ಗುರುದೇವಿ ದಾರ ಬಿಟ್ಟು ಅತ್ತುಬಿಟ್ಟಳು.

"ಆಮೇಲೆ ಅಳು. ಇನ್ನೊಂದು ಹುಬ್ಬು ಬಾಕಿ ಇದೆ" ಎಂದಳು ಕವನಾ.

ನ್ಯಾಷನಲ್ಸ್‌ನಲ್ಲಿ ಗುರುದೇವಿ ಕ್ವಾರ್ಟರ್ ಫೈನಲ್‌ವರೆಗೆ ಹೋಗಿ, ತನಗಿಂತ ಚೆನ್ನಾಗಿ ಆಡಿದ ಹರಿಯಾಣದ ಹುಡುಗಿಗೆ ಸೋತಳು. ಬಲಗೈ ಮಾತ್ರ ಕೊನೆಯವರೆಗೂ ಗಲ್ಲ ಬಿಟ್ಟು ಇಳಿಯಲಿಲ್ಲ. ಬೆಂಗಳೂರಿಗೆ ಬಂದು ರೈಲಿನಿಂದ ಇಳಿದ ಕೂಡಲೇ ಅವಳು ಕವನಾಳಿಗೆ ಫೋನ್ ಮಾಡಿ ಹೇಳಿದ್ದು ಸೋತ ಸುದ್ದಿಯಲ್ಲ, ಈ ಸುದ್ದಿ.

ಈಗ ಅವಳು ಪಂದ್ಯ ಆಡುವುದಿಲ್ಲ. ಮಂಗಳವಾರ ಕವನಾಳ ಜೊತೆ ಸೇರಿ ಉಲ್ಲಾಳದಲ್ಲಿ ಹುಡುಗಿಯರಿಗೆ ಕಲಿಸುತ್ತಾಳೆ. ಕಳೆದ ಆಯುಧಪೂಜೆಗೆ ನನ್ನನ್ನೂ ಕರೆದಿದ್ದರು. ಗ್ಲೌಸ್‌ಗಳನ್ನು ಸಾಲಾಗಿ ಇಟ್ಟು ಕುಂಕುಮ, ಹೂವು ಏರಿಸಿದ್ದರು. ಮಂಗಳಾರತಿ ಆದ ಮೇಲೆ ಗುರುದೇವಿ ಭೈರೇಶರ ಕಾಲಿಗೆರಗಿದಳು, ಸೀತಾರ ಕಾಲಿಗೆರಗಿದಳು, ಆಮೇಲೆ ಕವನಾಳ ಕಡೆ ತಿರುಗಿದಳು.

"ಏಯ್, ನಾನು ನಿನ್ಗಿಂತ ಚಿಕ್ಕೋಳು ಕಣೇ!" ಎಂದು ಕವನಾ ಹಿಂದಕ್ಕೆ ಹಾರಿದಳು. ಗುರುದೇವಿ ಬಿಡಲಿಲ್ಲ. ಅವಳ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. ಹುಡುಗಿಯರು ಚಪ್ಪಾಳೆ ತಟ್ಟಿದರು. ಬಸವ್ವ ಎಲ್ಲರಿಗೂ ಎಲೆ ಹಾಕಿ ಹೋಳಿಗೆ ಬಡಿಸಲು ಶುರುಮಾಡಿದಳು.