ನೀರಿಗಿಂತ ಮೊದಲು ಬಂದ ಮಾತು

ಕಪ್ಪು ಚಹಾಕ್ಕೆ ಲಿಂಬೆ ಹಿಂಡಿದೆ. ಆ ಹುಳಿ ಘಮಕ್ಕೆ ನಮ್ಮೂರು ದೊಡವಾಡದ ಡಾಕ್ಟರ್ ಅಕ್ಕ ನೆನಪಾದರು. ರಷ್ಯಾದಲ್ಲಿ ಓದಿ ಡಾಕ್ಟರಾದವರು. ಹಾಲು ಹಾಕಿದ ಚಹಾದ ರೂಢಿಯನ್ನು ಅಲ್ಲೇ ಬಿಟ್ಟು ಬಂದಿದ್ದರು. ದವಾಖಾನೆ ಮುಚ್ಚಿದ ಮೇಲೆ ನನಗೆ ರಷ್ಯನ್ ಕಲಿಸುತ್ತಿದ್ದರು. "ಇದೇನ್ ಹೊಟ್ಟಿ ತುಂಬಸ್ತೈತಿ?" ಎಂದು ಓಣಿಯವರು ನಗುತ್ತಿದ್ದರು. ಈಗ ಅದರಿಂದಲೇ ತುಂಬುತ್ತಿದೆ. ಬೈಲಹೊಂಗಲದ ಮನೆಯಲ್ಲೇ ಕುಳಿತು, ಎಐ ಯಂತ್ರ ಬರೆದ ರಷ್ಯನ್ ವಾಕ್ಯಗಳನ್ನು ತಿದ್ದುತ್ತೇನೆ.

ಇವತ್ತು ಬಂದದ್ದು, ಆಸ್ಪತ್ರೆಯೊಂದು ರೋಗಿಗಳ ಮನೆಯವರಿಗೆ ಕಳಿಸುವ ಸಂದೇಶ. ಯಾವ ವಾರ್ಡು, ಯಾವ ಡಾಕ್ಟರು, ಎಂಥ ಆಪರೇಷನ್ ಎಂದೆಲ್ಲ ಹೇಳಿ, 'ನಿಮ್ಮ ತಾಯಿ ಆರಾಮಾಗಿದ್ದಾರೆ' ಎಂಬುದನ್ನು ಯಂತ್ರ ಕಟ್ಟಕಡೆಗೆ ಇಟ್ಟಿತ್ತು. ತಪ್ಪೇನಲ್ಲ. ಕನ್ನಡದ ಹಾಗೆ ರಷ್ಯನ್ನಿನಲ್ಲೂ ಪದಗಳನ್ನು ಹಿಂದೆ ಮುಂದೆ ಮಾಡಿದರೆ ವಾಕ್ಯ ಮುರಿಯುವುದಿಲ್ಲ. ಓದುವವರು ಮಾತ್ರ ಕೊನೆಯವರೆಗೆ ಜೀವ ಕೈಯಲ್ಲಿ ಹಿಡಿದುಕೊಂಡಿರಬೇಕು.

ಅಪ್ಪನ ಆಪರೇಷನ್ ದಿನ ನಾವೂ ಹಾಗೇ ಇದ್ದೆವು. ಧಾರವಾಡದ ಆಸ್ಪತ್ರೆಗೆ ಅಕ್ಕ ನಮ್ಮ ಜೊತೆಗೇ ಬಂದು ಒಳಗೆ ಹೋಗಿದ್ದರು. ಸುದ್ದಿ ತಿಳಿದು ಮೊದಲು ಹೊರಬಂದವನು ಸೋದರಮಾವ. ಅವ್ವನ ಕೈಗೆ ನೀರಿನ ಬಾಟಲಿ ಕೊಟ್ಟು, "ಮೊದ್ಲ ಕುಂಡ್ರು ತಂಗಿ. ಒಂದಿಷ್ಟು ನೀರ್ ಕುಡಿ, ಆಮ್ಯಾಲೆ ಹೇಳ್ತೇನಿ," ಅಂದ.

ನಮ್ಮ ಕಡೆ ಕೂರಿಸಿ, ನೀರು ಕುಡಿಸಿ ಹೇಳುವುದು ಸಾವಿನ ಸುದ್ದಿಯನ್ನು. ಅವ್ವ ಬಾಟಲಿ ಬಿಟ್ಟು ಎದೆ ಬಡಿದುಕೊಂಡಳು. ಪಾಪ, ಅವಳು ಮುಂಜಾನೆಯಿಂದ ಹನಿ ನೀರು ಮುಟ್ಟಿಲ್ಲವೆಂದಷ್ಟೇ ಮಾವ ಕೊಟ್ಟಿದ್ದ.

ಅಳು ಕೇಳಿ ಅಕ್ಕ ಓಡಿ ಬಂದರು. "ಆರಾಮ ಅದಾರ ಅವ್ವಾರ! ಆರಾಮ ಅದಾರ ನಿಮ್ಮ ಮನಿಯವ್ರು!"

ಅವ್ವ ಅಳುತ್ತಲೇ ನಕ್ಕು, ಬಿದ್ದ ಬಾಟಲಿ ಎತ್ತಿ ಗಟಗಟನೆ ಕುಡಿದಳು. ಮಾವನಿಗೆ ಬೈಯುವುದನ್ನು ಇನ್ನೂ ಬಿಟ್ಟಿಲ್ಲ. ಅಪ್ಪ ಈಗಲೂ ಆ ಕತೆ ಹೇಳಿಸಿಕೊಂಡು ನಗುತ್ತಾನೆ.

ಊರಿಗೆ ಮರಳುವಾಗ ಬಸ್ಸಿನಲ್ಲಿ ಅಕ್ಕ ನನಗೆ, "ಕಾಯೋರಿಗೆ ಏನ್ ಬೇಕಾಗಿರತೈತಿ, ಅದನ್ನ ಮೊದ್ಲ ಹೇಳಬೇಕ ನೋಡು," ಅಂದಿದ್ದರು. ಅದು ರಷ್ಯನ್ ಪಾಠವೋ, ಡಾಕ್ಟರಿಕೆಯೋ...

ಹೋದ ವರ್ಷ ಅಕ್ಕನೇ ಆಸ್ಪತ್ರೆ ಸೇರಿದರು. ಒಂದು ಮಧ್ಯಾಹ್ನ ಅವರ ತಮ್ಮ ಫೋನ್ ಮಾಡಿ, "ಊಟ ಆತೇನ್ರಿ? ಕುಂತೀರೇನು?" ಎಂದು ಕೇಳಿದರು. ಆರಾಮ ಅನ್ನುವ ಮಾತಿಗೆ ಕಾದೆ... ಬರಲಿಲ್ಲ.

ಸಂದೇಶ ತಿದ್ದಿದೆ. 'ಆರಾಮಾಗಿದ್ದಾರೆ' ಈಗ ಎಲ್ಲಕ್ಕಿಂತ ಮೊದಲು. ನಾನು ಕಾಣದ ಯಾವುದೋ ಊರಿನಲ್ಲಿ ಯಾರೋ ಆ ಮೊದಲ ಮಾತು ಓದಿಯೇ ನಿರಾಳವಾಗಿ ಉಸಿರು ಬಿಡುತ್ತಾರೆ. ಮನಸ್ಸಿಗೆ ಹಿತವೆನಿಸಿತು. ಅಕ್ಕ ಇದ್ದಿದ್ದರೆ ಕಳಿಸುವ ಮುನ್ನ ಒಮ್ಮೆ ಓದಿ ಹೇಳುತ್ತಿದ್ದೆ.