ಮಾಮಾ ಕೊಂಡ ಕಂಪನಿ ಕಂಪ್ಯೂಟರ್

ನನ್ನ ಸೋದರಮಾವ ಕುಷ್ಟಗಿಯಲ್ಲಿ ಮದುವೆ ವಿಡಿಯೋ ತೆಗೆಯುತ್ತಿದ್ದರು. ಬಸ್ ನಿಲ್ದಾಣದ ಹತ್ತಿರ, ಮಹಡಿಯ ಮೇಲೆ ಚಿಕ್ಕದೊಂದು ಸ್ಟುಡಿಯೋ. ಕ್ಯಾಸೆಟ್ ಕಾಲದಲ್ಲಿ ಶುರುಮಾಡಿ ಮೆಮೊರಿ ಕಾರ್ಡಿನ ಕಾಲಕ್ಕೂ ಬಂದು ಮುಟ್ಟಿದವರು. ಸುತ್ತಲಿನ ಹಳ್ಳಿಗಳಲ್ಲಿ ಯಾವ ಓಣಿಗೆ ಹೋದರೂ ಅವರು ಚಿತ್ರ ತೆಗೆದ ಒಂದಾದರೂ ಮದುವೆಯ ಮನೆ ಇರುತ್ತಿತ್ತು.

ಅವರ ಕೆಲಸದಲ್ಲಿ ಒಂದು ರೀತಿ ಇತ್ತು. ಅಕ್ಷತೆ ಬೀಳುವಾಗ ಎಲ್ಲರೂ ಮದುಮಕ್ಕಳನ್ನು ಹಿಡಿಯುತ್ತಾರೆ, ಅವರೂ ಹಿಡಿಯುತ್ತಿದ್ದರು. ಆದರೆ ಮದುಮಗಳನ್ನು ಗಾಡಿ ಹತ್ತಿಸುವ ಹೊತ್ತಿಗೆ ಅವರ ಕ್ಯಾಮೆರಾ ಬೇರೆ ಯಾರನ್ನೋ ಹುಡುಕುತ್ತಿತ್ತು. ಮಂಗಳೂರಿನಲ್ಲಿ, ನಮ್ಮ ಯಲಬುರ್ಗಾ ಕಡೆಯ ಮಂಗಳೂರಿನಲ್ಲಿ, ಒಂದು ಮದುವೆಗೆ ನಾನೂ ಹೋಗಿದ್ದೆ. ಹೆಣ್ಣು ಹೊರಡುವಾಗ ಹೆಣ್ಣಿನ ಅಪ್ಪ ಎಲ್ಲೂ ಕಾಣಲಿಲ್ಲ. ಮಾಮಾ ಮಾತ್ರ ನೋಡಿದ್ದರು. ಆತ ನೀರಿನ ಟ್ಯಾಂಕರಿನ ಹಿಂದೆ ನಿಂತು, ನಳ ತಿರುಗಿಸಿ, ಸುಮ್ಮಸುಮ್ಮನೆ ಮುಖ ತೊಳೆಯುತ್ತಿದ್ದ. ಮಾಮಾ ಹತ್ತಿರ ಹೋಗಲಿಲ್ಲ. ದೂರದಿಂದಲೇ ಅದನ್ನು ತೆಗೆದರು.

ಆ ವಿಡಿಯೋ ತಯಾರಾಗಿ ಬಂದಾಗ ಅದರಲ್ಲಿ ಅಪ್ಪನೇ ಇರಲಿಲ್ಲ. ಮಾಮಾ ಎಡಿಟಿಂಗನ್ನು ಹೊರಗೆ ಕೊಡುತ್ತಿದ್ದರು. ಅಲ್ಲಿನವರು ಟ್ಯಾಂಕರಿನ ಭಾಗವನ್ನು ಕತ್ತರಿಸಿ, ಆ ಜಾಗದಲ್ಲಿ ಗುಲಾಬಿ ಹೂಗಳು ಉದುರುವ ಹಾಗೆ ಮಾಡಿದ್ದರು.

“ನಾ ಕಾದು ಕುಂತು ತಗದದ್ದನ್ನ ಕಸಾ ಹೊಡದಂಗ ಹೊಡದಾರ ನೋಡವಾ,” ಎಂದರು ಮಾಮಾ. ಸಿಟ್ಟಿನಿಂದಲ್ಲ. ಅವರಿಗೆ ಸಿಟ್ಟು ಬರುವುದು ಕಡಿಮೆ. “ಇನ್ನ ಮ್ಯಾಲೆ ನಾನ ಕೂಡಸ್ತೀನಿ. ಒಂದು ಕಂಪ್ಯೂಟರ್ ತರೋಣು.”

ನಾನು ಯಲಬುರ್ಗಾದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಡಬ್ಬಿಯ ಮೇಲಿನ ಇಂಗ್ಲಿಷ್ ಓದಿ ಹೇಳಲಿಕ್ಕೆ ಅಂತ ನನ್ನನ್ನು ಜೊತೆಗೆ ಕರೆದರು. ಕೈಯಲ್ಲಿದ್ದ ದುಡ್ಡಿಗೆ ಒಂದು ಮಿತಿ ಇತ್ತು, ಅದರೊಳಗೇ ಆಗಬೇಕಿತ್ತು.

ಮೊದಲು ಹೋದದ್ದು ಗಂಗಾವತಿಗೆ. ಭತ್ತದ ಲಾರಿಗಳ ನಡುವೆ ದಾರಿ ಮಾಡಿಕೊಂಡು, ಬಿಡಿಭಾಗ ಜೋಡಿಸಿ ಕಂಪ್ಯೂಟರ್ ಮಾಡಿಕೊಡುವ ಅಂಗಡಿಯೊಂದಕ್ಕೆ ಮುಟ್ಟಿದೆವು. ಅಂಗಡಿಯವರು ಮಾತಿನ ಮನುಷ್ಯ. ಒಳಗೆ ಕಾಲಿಡುತ್ತಲೇ ಯಾವ ಕ್ಯಾಮೆರಾ, ಎಂಥ ಫೈಲು ಬರುತ್ತದೆ ಎಂದು ಕೇಳಿದರು.

“ಅಣ್ಣಾರ, ಎಡಿಟಿಂಗ್ ಅಂದ್ರ ರ‍್ಯಾಮ್ ಜಾಸ್ತಿ ಬೇಕ್ರಿ. ಮಶೀನು ಒಂದ ಸಲಕ್ಕ ಎಷ್ಟು ಕೆಲಸ ಕೈಯಾಗ ಹಿಡೀತೈತಿ ಅನ್ನೂದು ಅದರ ಮ್ಯಾಲ ಐತಿ. ಮ್ಯಾಲಿನ ಡಬ್ಬಿ ಹೆಂಗರ ಇರ್ಲಿ, ಒಳಗಿಂದು ಛಲೋ ಹಾಕಿ ಕೊಡ್ತೀನಿ. ಕಂಪನೀದು ತಗೊಂಡ್ರ ಇದ ರೊಕ್ಕಕ್ಕ ಇದರ ಅರ್ಧಾನೂ ಒಳಗ ಬರಂಗಿಲ್ಲ.”

ಅಂಗಡಿಯವರ ಮಾತು ಕೇಳುತ್ತಿದ್ದರೂ ಮಾಮಾನ ಕಣ್ಣು ಮೇಜಿನ ಮೇಲಿತ್ತು. ಅಲ್ಲಿ ಅರೆಬರೆ ಜೋಡಿಸಿದ ಒಂದು ಯಂತ್ರ ಬಾಯಿ ತೆರೆದುಕೊಂಡು, ವೈರುಗಳನ್ನು ಹೊರಗೆ ಚೆಲ್ಲಿಕೊಂಡು ಕೂತಿತ್ತು. ಬಿದ್ದ ಸ್ಕ್ರೂಗಳು ಒಂದು ಚಹಾ ಬಸಿಯಲ್ಲಿದ್ದವು.

ಹೊರಗೆ ಬಂದ ಮೇಲೆ ಮಾಮಾ ಇಲ್ಲಿ ಬೇಡ ಎಂದು, ಕಾರಣ ಹೇಳಿದರು. ಕ್ಯಾಸೆಟ್ ಕಾಲದಲ್ಲಿ ಅವರು ಹೀಗೇ ಯಾರೋ ಜೋಡಿಸಿಕೊಟ್ಟ, ಕ್ಯಾಸೆಟ್ ಓಡಿಸುವ ಒಂದು ಡೆಕ್ ತಂದಿದ್ದರು. ಅದು ಒಂದು ಮನೆಯ ಮದುವೆಯ ಕ್ಯಾಸೆಟ್ಟನ್ನು ಒಳಗೆ ಎಳೆದುಕೊಂಡು ಹರಿದುಹಾಕಿತು. ಇದ್ದದ್ದು ಅದೊಂದೇ ಪ್ರತಿ. ಅದರಲ್ಲಿ ಮದುಮಗನ ಅಜ್ಜಿ ಹಾಡು ಹೇಳಿದ್ದಳಂತೆ. ಕ್ಯಾಸೆಟ್ ಹರಿಯುವ ಹೊತ್ತಿಗೆ ಅಜ್ಜಿ ತೀರಿಕೊಂಡಿದ್ದಳು.

“ಅವರ ಮನಿಗೆ ಹೋಗಿ ಹೇಳಿ ಬರಬೇಕಾತು. ಅವರು ಒಂದ ಮಾತೂ ಬೈಯಲಿಲ್ಲ. ಬೈದಿದ್ರ ಛಲೋ ಇತ್ತು,” ಎಂದರು. “ಆ ಮನುಷ್ಯಾ ಸುಳ್ಳು ಹೇಳ್ಯಾನ ಅಂತಲ್ಲವಾ. ನನಗ ಧೈರ್ಯ ಬರವಲ್ದು.”

ಹಾಗಾಗಿ ಅಲ್ಲಿಂದ ಕೊಪ್ಪಳಕ್ಕೆ ಹೋದೆವು.

ಕೊಪ್ಪಳದ ಅಂಗಡಿ ತಣ್ಣಗಿತ್ತು. ಕನ್ನಡಿಯಂಥ ನೆಲ. ಕಪಾಟಿನಲ್ಲಿ ಸಾಲಾಗಿ ಸೀಲು ಒಡೆಯದ ಡಬ್ಬಿಗಳು. ನಾನು ಡಬ್ಬಿಯ ಮೇಲಿದ್ದದ್ದನ್ನೆಲ್ಲ ಜೋರಾಗಿ ಓದಿದೆ. ಓದಿದ್ದರ ಅರ್ಥ ನನಗೂ ಆಗಲಿಲ್ಲ, ಮಾಮಾಗೂ ಆಗಲಿಲ್ಲ. ಇದರಲ್ಲಿ ವಿಡಿಯೋ ಕೂಡಿಸಲಿಕ್ಕೆ ಆಗುತ್ತದೇನು ಎಂದು ಮಾಮಾ ಕೇಳಿದರು. “ಎಲ್ಲಾ ಆಗ್ತೈತ್ರಿ ಸರ್. ಕಂಪನಿ ವಾರಂಟಿ ಐತಿ. ಏನಾರ ಆದ್ರ ಮನಿಗೇ ಬಂದು ನೋಡ್ತಾರ,” ಎಂದ ಮಾರುವಾತ. ಅವನೂ ಸುಳ್ಳು ಹೇಳಲಿಲ್ಲ. ಆಗುತ್ತಿತ್ತು. ಹೇಗೆ ಆಗುತ್ತದೆ ಎಂದು ನಾವು ಕೇಳಲಿಲ್ಲ, ಅಷ್ಟೆ.

ಯಂತ್ರದ ಬೆನ್ನಿಗೆ ಒಂದು ಬೆಳ್ಳಿ ಬಣ್ಣದ ಚೀಟಿ ಅಂಟಿಸಿತ್ತು. ಅದನ್ನು ಹರಿದು ಒಳಗೆ ಬಿಚ್ಚಿದರೆ ವಾರಂಟಿ ಹೋಗುತ್ತದೆ ಎಂದ. ಮಾಮಾಗೆ ಆ ಚೀಟಿ ಕಂಡು ಸಮಾಧಾನವಾಯಿತು. ಯಾರೂ ಕೈಹಾಕದ ವಸ್ತು ಎಂಬ ಗೌರವ ಅದರಲ್ಲಿತ್ತು.

ಆ ಬೇಸಿಗೆಯ ಮದುವೆಗಳ ಕಾಲಕ್ಕೆ ಅವರು ಉಮೇದಿನಿಂದ ಕೂತರು. ಎಡಿಟಿಂಗ್ ಕಲಿಸುವ ವಿಡಿಯೋಗಳನ್ನು ಫೋನಿನಲ್ಲಿ ನೋಡಿ ನೋಡಿ ಕಲಿತರು. ನಾನು ಹೋದಾಗ ತೋರಿಸುತ್ತಿದ್ದರು. ತೆರೆಯ ಮೇಲೆ ಮದುಮಗಳು ಕೈ ಎತ್ತುತ್ತಾಳೆ, ಅಲ್ಲೇ ನಿಲ್ಲುತ್ತಾಳೆ. ಓಲಗ ಮಾತ್ರ ಮುಂದೆ ಓಡುತ್ತಿರುತ್ತದೆ. ಸ್ವಲ್ಪ ಹೊತ್ತಿನ ನಂತರ ಒಮ್ಮೆಲೇ ಜಿಗಿದು, ಆಕೆ ಗಾಡಿಯೊಳಗೆ ಕೂತಿರುತ್ತಾಳೆ. ಎಲ್ಲಿ ಕತ್ತರಿಸಬೇಕೋ ಆ ಗಳಿಗೆ ಮಾಮಾನ ಕೈಗೆ ಸಿಗುವುದೇ ಇಲ್ಲ.

“ನನ್ನ ಬೆರಳು ಮೆಲ್ಲಕ ಅದಾವ ಅನಸ್ತೈತಿ,” ಅನ್ನುತ್ತಿದ್ದರು. “ಒತ್ತೂದ್ರಾಗ ಹೊತ್ತು ಮೀರಿರ್ತೈತಿ.”

ಕಂಪನಿಗೆ ಫೋನ್ ಮಾಡಿದರು. ಒಬ್ಬಾತ ಬಂದು ನೋಡಿ, ಯಂತ್ರದಲ್ಲಿ ದೋಷವಿಲ್ಲ, ಎಲ್ಲ ಸರಿಯಾಗಿದೆ ಎಂದು ಹೇಳಿಹೋದ. ಆ ಮಾತೇ ಮಾಮಾನನ್ನು ಕೆಡಿಸಿತು. ಯಂತ್ರ ಸರಿಯಿದ್ದ ಮೇಲೆ ತಪ್ಪು ಯಾರದು ಎಂದು ಅವರು ತೀರ್ಮಾನ ಮಾಡಿಬಿಟ್ಟರು. ಕೊಡಬೇಕಾದ ವಿಡಿಯೋಗಳು ತಡವಾದವು. ತಾವರಗೇರಿಯ ಒಂದು ಮನೆಯವರು ಬಂದು, ಮರ್ಯಾದೆಯಿಂದಲೇ, ತಮ್ಮ ಮದುವೆಯ ಮೆಮೊರಿ ಕಾರ್ಡನ್ನು ಕೇಳಿ ತೆಗೆದುಕೊಂಡು ಹೋದರು. ಮರುವರ್ಷ ಕರೆ ಕಡಿಮೆಯಾಯಿತು. ಅದರ ಮರುವರ್ಷ ಬಂದ ಕರೆಗಳಿಗೂ ಮಾಮಾ ಒಲ್ಲೆ ಎಂದರು. ಒಂದು ದಿನ ಗಂಗಾವತಿಯ ಕಡೆಯವರಿಗೆ ವಿಡಿಯೋ ಕ್ಯಾಮೆರಾ ಮಾರಿದರು. ಸ್ಟುಡಿಯೋದಲ್ಲಿ ಝೆರಾಕ್ಸ್ ಮತ್ತು ಪಾಸ್‌ಪೋರ್ಟ್ ಫೋಟೋ ಅಷ್ಟೇ ಉಳಿಯಿತು.

ಮಾಮಾನ ಹೆಂಡತಿ, ನನ್ನ ಅತ್ತೆ, ಒಮ್ಮೆ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದಳು. “ಆ ಕಂಪ್ಯೂಟರ್ ನಿಮ್ಮ ಮನಿಗೆ ಒಯ್ಯವಾ. ಅದರ ಮುಂದ ಹೋದಾಗೊಮ್ಮೆ ಮಾರಿ ಸಣ್ಣದು ಮಾಡ್ಕೋತಾರ. ನಿನ್ನ ಮಗಳರ ಬರದುಕೊಳ್ಳಾಕ ಉಪಯೋಗ ಮಾಡ್ಲಿ.”

ಹೀಗೆ ಅದು ನನ್ನ ಜೊತೆ ಯಲಬುರ್ಗಾಕ್ಕೆ ಬಂತು. ನನ್ನ ಮಗಳು ಹೈಸ್ಕೂಲಿನಲ್ಲಿದ್ದಳು. ಶಾಲೆಯ ವಾರ್ಷಿಕೋತ್ಸವದ ವಿಡಿಯೋ ಕೂಡಿಸಲು ಅದರ ಮುಂದೆ ಕೂತಳು. ನಾನು ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆ. ತೆರೆಯ ಮೇಲೆ ಕುಣಿಯುತ್ತಿದ್ದ ಮಕ್ಕಳು ಅಲ್ಲೇ ನಿಂತರು, ಹಾಡು ಮುಂದೆ ಓಡಿತು. ಆಮೇಲೆ ಒಮ್ಮೆಲೇ ಜಿಗಿದರು. “ಅವ್ವಾ, ಇದು ಬರೇ ನಿಲ್ಲತೈತಿ, ಇದರಾಗ ಆಗೂದಲ್ಲ,” ಎಂದು ಅವಳು ಎದ್ದು ಹೋದಳು.

ನನ್ನ ಕೈ ಅವರೆಕಾಯಿಯ ಮೇಲೆ ಹಾಗೇ ನಿಂತಿತು. ಅವಳ ಬೆರಳುಗಳು ಮೆಲ್ಲಗಿನವಲ್ಲ. ಹಾಗಾದರೆ ಮಾಮಾನ ಬೆರಳುಗಳೂ ಅಲ್ಲ.

ವಾರಂಟಿ ಮುಗಿದಿತ್ತು. ಮುಂದಿನ ಭಾನುವಾರ ಗಂಗಾವತಿಯ ಅದೇ ಅಂಗಡಿಗೆ ಒಯ್ದೆ. ಅಂಗಡಿಯವರಿಗೆ ನನ್ನ ಗುರುತು ಸಿಗಲಿಲ್ಲ. ಬೆಳ್ಳಿ ಚೀಟಿ ಹರಿದು, ಬಿಚ್ಚಿ, ಒಳಗೆ ಇಣುಕಿದರು.

“ಮಶೀನ್ ಏನೂ ಕೆಟ್ಟಿಲ್ಲ ಅಕ್ಕಾರ. ಪತ್ರ ಟೈಪ್ ಮಾಡಾಕ, ಲೆಕ್ಕ ಹಾಕಾಕ ಭೇಷ್ ಐತಿ. ಮದುವಿ ವಿಡಿಯೋದ ಭಾರ ತಡಿಯೂದಿಲ್ಲ. ಇಲ್ನೋಡ್ರಿ, ಇನ್ನೊಂದು ರ‍್ಯಾಮ್ ಹಾಕೂ ಜಾಗಾ ಖಾಲಿನ ಬಿಟ್ಟಾರ.”

ಅವರು ಆ ಜಾಗ ತುಂಬಿದರು, ಹಳೆಯ ಡಿಸ್ಕ್ ತೆಗೆದು ವೇಗದ ಹೊಸದನ್ನು ಕೂಡಿಸಿದರು. ನಾನು ಹೊರಗೆ ಚಹಾ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಅಷ್ಟು ಚಿಕ್ಕ ಕೆಲಸವಾಗಿತ್ತು ಅದು. ಆ ಮಧ್ಯಾಹ್ನ ನನಗಾದ ಸಂಕಟವನ್ನು ಈಗಲೂ ಸರಿಯಾಗಿ ಹೇಳಲಾರೆ.

ಮನೆಗೆ ಹೋಗದೆ ನೇರ ಕುಷ್ಟಗಿಗೆ ಹೋದೆ. ಮಾಮಾನ ಮೇಜಿನ ಮೇಲಿಟ್ಟು, ಅವರ ಟಿವಿಗೆ ಜೋಡಿಸಿ ಚಾಲೂ ಮಾಡಿದೆ. ಅವರು ಮೊದಲು ಬೇಡ ಎಂದರು. ನಂತರ ತಮ್ಮ ಬಳಿ ಉಳಿದಿದ್ದ ಯಾವುದೋ ಮದುವೆಯ ಫೈಲುಗಳನ್ನು ಹಾಕಿದರು. ಚಿತ್ರ ನೀರಿನ ಹಾಗೆ ಹರಿಯಿತು. ಅವರು ನಿಲ್ಲಿಸಿದಲ್ಲಿ ನಿಂತಿತು, ಕತ್ತರಿಸಿದಲ್ಲಿ ತುಂಡಾಯಿತು. ಒಂದು, ಮತ್ತೊಂದು, ಮತ್ತೊಂದು. ಅವರ ಬೆರಳುಗಳು ಎಷ್ಟು ಚುರುಕಾಗಿದ್ದವು ಎಂದು ನಾನು ಅಂದೇ ನೋಡಿದ್ದು.

ತುಸು ಹೊತ್ತಾದ ಮೇಲೆ ಅವರು ಮೌಸ್ ಬಿಟ್ಟು ಕೈ ತೊಡೆಯ ಮೇಲಿಟ್ಟುಕೊಂಡರು.

“ಹಂಗಂದ್ರ ನನ್ನ ಕೈ ಛಲೋನ ಇದ್ದುವಲ್ಲವಾ?”

“ಛಲೋನ ಇದ್ದುವು ಮಾಮಾ.”

“ನಾ ಮುದುಕಾದೆ ಅಂತ ತಿಳಕೊಂಡ್ನಿ.”

ಅತ್ತೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಮತ್ತೆ ಕ್ಯಾಮೆರಾ ತರೋಣ, ಹಳೆಯದಾದರೂ ಸರಿ, ಮತ್ತೆ ಶುರುಮಾಡಿ ಎಂದೆ. ಅವರು ತಲೆ ಅಲ್ಲಾಡಿಸಿದರು. “ಈಗ ಡ್ರೋನ್ ಹಾರಸೂ ಮಂದಿ ಬಂದಾರ. ಒಲ್ಲೆ ಅಂತ ಹೇಳಿದ ಮನಿಗೆ ಮತ್ತ ಹೋಗಿ, ಈಗ ಕರೀರಿ ಅನ್ನೂದು ನನ್ನ ಕಡಿಂದ ಆಗೂದಿಲ್ಲ. ಆತು ಬಿಡು.”

ಆದರೂ ಆ ಯಂತ್ರವನ್ನು ಕೆಲವು ದಿನ ಇಟ್ಟುಕೊಂಡರು. ಯಾರೂ ಕೇಳದಿದ್ದರೂ ಆ ಒಂದು ಮದುವೆಯನ್ನು ಪೂರ್ತಿ ಕೂಡಿಸಿದರು. ಅದನ್ನು ಆ ಮನೆಯವರಿಗೆ ಮುಟ್ಟಿಸಿದರೋ ಇಲ್ಲವೋ, ನಾನು ಕೇಳಲಿಲ್ಲ. ಆಮೇಲೆ ಫೋನ್ ಮಾಡಿ, ಬಂದು ಒಯ್ಯಿ ಎಂದರು.

ಯಲಬುರ್ಗಾದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಪರಿಚಯದ ಕಂಡಕ್ಟರ್ ಟಿಕೆಟ್ ಹರಿಯುತ್ತಾ ಕೇಳಿದ, “ಏನ್ ಟೀಚರ್, ಹೊಸಾ ಕಂಪ್ಯೂಟರೇನ್ರಿ?”

“ಅಲ್ರಿ, ನಮ್ಮ ಮಾಮಾಂದು,” ಎಂದೆ.

“ಕೆಟ್ಟೈತೇನ್ರಿ?”

“ಇಲ್ರಿ, ಛಲೋ ಐತಿ,” ಎಂದು ಹೇಳಿ ಕಿಟಕಿಯ ಕಡೆ ತಿರುಗಿದೆ.