ಅದೇ ಟೈರು, ಅದೇ ಫೋಟೋ

ಮುಳಬಾಗಿಲಿನಿಂದ ಮಾಲೂರಿನ ಕಾರ್ಖಾನೆಗೆ ಹೆಣ್ಣುಮಕ್ಕಳನ್ನು ಕರೆತರುವ ಬಸ್ಸುಗಳ ಉಸ್ತುವಾರಿ ನನ್ನದು. ಹೊರಡುವ ಮೊದಲು ಡ್ರೈವರುಗಳು ಟೈರುಗಳನ್ನು ನೋಡಿ, ಫೋಟೋ ತೆಗೆದು ಫೋನಿನ ಆ್ಯಪಿಗೆ ಹಾಕಬೇಕು. ಹಾಕಿದರೆ ಅದು ‘ಶಹಬ್ಬಾಸ್’ ಅಂದು ಒಂದು ನಕ್ಷತ್ರ ಕೊಡುತ್ತದೆ. ಎಲ್ಲರಿಗಿಂತ ಹೆಚ್ಚು ನಕ್ಷತ್ರ ವೆಂಕಟರಮಣಪ್ಪನವರದು. ಅವರ ಫೋಟೋಗಳನ್ನು ಒಂದು ದಿನ ಸಾಲಾಗಿ ನೋಡಿದೆ. ಆಯುಧಪೂಜೆ ಮುಗಿದು ತಿಂಗಳಾಗಿದ್ದರೂ ಪ್ರತಿ ಫೋಟೋದಲ್ಲೂ ಚಕ್ರದ ಕೆಳಗೆ ಅದೇ ನಿಂಬೆಹಣ್ಣಿತ್ತು.

ಮರುದಿನ ಬೆಳಿಗ್ಗೆ ಮುಳಬಾಗಿಲಿಗೇ ಹೋಗಿ ಕೇಳಿದೆ. ಅವರು ಸ್ವಲ್ಪವೂ ಅಳುಕಲಿಲ್ಲ.

“ಟೈರೇನು ದಿನಾ ಬದಲಾಗ್ತದಾ ಸಾರ್? ಅದೇ ಟೈರು, ಅದೇ ಫೋಟೋ.”

ನನಗಿಂತ ಹದಿನೈದು ವರ್ಷ ದೊಡ್ಡವರು. ಗದರಲು ಮನಸ್ಸಾಗಲಿಲ್ಲ. “ನನಗೋಸ್ಕರ ಒಂದು ಹೊಸದು ತೆಗೀರಿ” ಅಂದೆ. ಗೊಣಗುತ್ತಾ ಬಗ್ಗಿದರು. ಹಿಂದಿನ ಟೈರಿನ ಒಳಬದಿಗೆ ಕೈ ಹಾಕಿದವರು ಹಾಗೇ ನಿಂತುಬಿಟ್ಟರು. ಅಲ್ಲಿ ಹಿಡಿಗಾತ್ರದ ಉಬ್ಬು ಬಂದಿತ್ತು. ಹೆದ್ದಾರಿಯಲ್ಲಿ ಯಾವಾಗ ಬೇಕಾದರೂ ಸಿಡಿಯಬಹುದಿತ್ತು. ಒಳಗೆ ಕೂತಿದ್ದವರನ್ನೆಲ್ಲ ಇಳಿಸಿ ಸ್ಟೆಪ್ನಿ ಹಾಕಿದರು. ಯಾಕೆ ತಡ ಅಂತ ಕೇಳಿದ ಹೆಂಗಸರಿಗೆ ತಾವೇ ಆ ಉಬ್ಬನ್ನು ಮುಟ್ಟಿ ತೋರಿಸಿದರು.

ಈಗ ಆ ಹೆಂಗಸರು “ಟೈರು ನೋಡಿದ್ರಾ ಅಣ್ಣಾ?” ಅಂತ ಕೇಳದೆ ಬಸ್ಸು ಹತ್ತುವುದಿಲ್ಲ. “ಫೋನಿಗಾದ್ರೆ ಹಳೇ ಫೋಟೋ ಹಾಕ್ಬೋದಿತ್ತು ಸಾರ್, ಇವರ ಹತ್ರ ನಡಿಯಲ್ಲ” ಅಂತ ವೆಂಕಟರಮಣಪ್ಪ ನಗುತ್ತಾರೆ.

ಆಫೀಸಿನ ವರದಿಯಲ್ಲಿ ಮಾತ್ರ ನಾನೂ ಎಂದಿನಂತೆ, ಆ್ಯಪು ಬಹಳ ಪರಿಣಾಮಕಾರಿಯಾಗಿದೆ ಅಂತ ಬರೆದೆ.